ಔಷಧ ಕೊಟ್ಟ ಮೇಲಿನ ಲೆಕ್ಕ

(ಯಲಹಂಕದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ರೋಗ ವಾಸಿಮಾಡಲೆಂದು ಕೊಟ್ಟ ಔಷಧ ಕೆಲವರಿಗೆ ಬಾಧೆ ಕೊಡುತ್ತದೆ. ಆ ಬಾಧೆಯನ್ನು ಆರೋಗ್ಯ ದಾಖಲೆಗಳ ನೆರವಿನಿಂದ ಬೇಗ ಗುರುತಿಸುವುದು ಹೇಗೆ ಎಂಬುದು ಇಂದಿನ ವಿಷಯ. ನಾಲ್ಕು ಭಾಗಗಳಲ್ಲಿ ಮಾತಾಡುತ್ತೇನೆ. ಪರೀಕ್ಷೆಗಳನ್ನೆಲ್ಲ ದಾಟಿ ಬಂದ ಔಷಧವನ್ನು ಮತ್ತೆ ಏಕೆ ಕಾಯಬೇಕು ಎಂಬುದು ಮೊದಲನೆಯದು. ನಮ್ಮ ದೇಶದ ವರದಿ ವ್ಯವಸ್ಥೆ ಕೆಲಸ ಮಾಡುವ ಬಗೆ ಎರಡನೆಯದು. ಬೆಂಗಳೂರಿನ ಈ ಉತ್ತರ ಭಾಗದ ಸಂಸ್ಥೆಗಳ ಅನುಭವ ಏನು ಕಲಿಸುತ್ತದೆ ಎಂಬುದು ಮೂರನೆಯದು. ದಾಖಲೆಗಳನ್ನು ಜೋಡಿಸುವಾಗ ರೋಗಿಯ ಖಾಸಗಿತನವನ್ನು ಕಾಪಾಡುವ ಪ್ರಶ್ನೆ ಕೊನೆಯದು.

ನಾನು ಒತ್ತಿ ಹೇಳಬೇಕೆಂದಿರುವ ಮಾತನ್ನು ಮೊದಲೇ ಮುಂದಿಡುತ್ತೇನೆ. ಒಂದು ಔಷಧದ ಬಗ್ಗೆ ನಮಗೆ ಬೇಕಾದ ಅರಿವಿನ ದೊಡ್ಡ ಪಾಲು ಅದು ಮಾರುಕಟ್ಟೆಗೆ ಬಂದ ಮೇಲೆಯೇ ಸಿಗುವಂಥದ್ದು. ಅದನ್ನು ಒದಗಿಸುವವರು ರೋಗಿಗಳು. ಅವರು ಹೇಳಿದ್ದನ್ನು ಬರೆದಿಡದಿದ್ದರೆ, ಬರೆದಿಟ್ಟದ್ದನ್ನು ಒಂದಕ್ಕೊಂದು ಜೋಡಿಸದಿದ್ದರೆ, ಎಂಥ ಕಂಪ್ಯೂಟರ್ ತಂದಿಟ್ಟರೂ ಪ್ರಯೋಜನವಿಲ್ಲ. ಆದ್ದರಿಂದ ಬಾಧೆಯನ್ನು ಕೇಳಿ ಬರೆದುಕೊಳ್ಳುವುದು ಚಿಕಿತ್ಸೆಯದೇ ಭಾಗ ಎಂದು ನಾನು ನಂಬುತ್ತೇನೆ.

ಮೊದಲ ಭಾಗಕ್ಕೆ ಬರೋಣ. ಒಂದು ಹೊಸ ಔಷಧವನ್ನು 3,000 ಜನರ ಮೇಲೆ ಪರೀಕ್ಷಿಸಿದ್ದಾರೆ, ಅವರಲ್ಲಿ ಒಬ್ಬರಿಗೂ ಯಕೃತ್ತಿನ ತೊಂದರೆ ಕಾಣಿಸಲಿಲ್ಲ ಎಂದುಕೊಳ್ಳಿ. ಸಂಖ್ಯಾಶಾಸ್ತ್ರದ ಪ್ರಕಾರ ಇದರಿಂದ ಶೇ. 95ರ ಭರವಸೆಯಲ್ಲಿ ಹೇಳಬಹುದಾದದ್ದು ಇಷ್ಟೇ: ಆ ತೊಂದರೆ ಸಾವಿರದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಆಗಲಾರದು. ಸಾವಿರಕ್ಕೆ ಒಬ್ಬರಿಗೆ ಆಗಬಹುದು ಎಂಬ ಸಾಧ್ಯತೆ ಹಾಗೆಯೇ ಉಳಿದಿದೆ. 10 ಲಕ್ಷ ಜನ ಅದೇ ಮಾತ್ರೆ ನುಂಗಿದರೆ ಆ ಲೆಕ್ಕದಲ್ಲಿ 1,000 ಮಂದಿಗೆ ಯಕೃತ್ತಿನ ತೊಂದರೆ. ಪರೀಕ್ಷೆ ನಡೆಸಿದವರು ಏನನ್ನೂ ಮುಚ್ಚಿಟ್ಟಿಲ್ಲ. ಅಪರೂಪದ ತೊಂದರೆ ಕಣ್ಣಿಗೆ ಬೀಳಲು ಬೇಕಾದಷ್ಟು ಜನ ಆ ಪರೀಕ್ಷೆಯಲ್ಲಿ ಇರಲಿಲ್ಲ. ಜತೆಗೆ, ಇಂಥ ಪರೀಕ್ಷೆಗಳಿಗೆ ಗರ್ಭಿಣಿಯರನ್ನು, ತೀರ ವಯಸ್ಸಾದವರನ್ನು, ನಾಲ್ಕಾರು ಕಾಯಿಲೆಗಳಿಗೆ ಒಟ್ಟಿಗೆ ಮಾತ್ರೆ ತೆಗೆದುಕೊಳ್ಳುವವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮಾರುಕಟ್ಟೆಗೆ ಬಂದ ಔಷಧವನ್ನು ಹೆಚ್ಚು ನುಂಗುವವರಲ್ಲಿ ಇವರೂ ಇದ್ದಾರೆ.

ಇದಕ್ಕೆ ನಮ್ಮ ಪಕ್ಕದ ನೆಲದ ಹಳೆಯ ಉದಾಹರಣೆಯೊಂದಿದೆ. ಅರಿವಳಿಕೆಗೆ ಕ್ಲೋರೋಫಾರ್ಮ್ ಬಳಸುತ್ತಿದ್ದ ಕಾಲದಲ್ಲಿ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ರೋಗಿ ಥಟ್ಟನೆ ಸಾಯುವ ಘಟನೆಗಳು ನಡೆಯುತ್ತಿದ್ದವು. ಕಲಬುರಗಿ, ಬೀದರ್, ರಾಯಚೂರುಗಳನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದಲ್ಲಿ, ನಿಜಾಮರ ನೆರವಿನಿಂದ ವೈದ್ಯ ಎಡ್ವರ್ಡ್ ಲಾರಿ ಅವರು 1888 ಮತ್ತು 1889ರಲ್ಲಿ ಎರಡು ಆಯೋಗಗಳನ್ನು ನಡೆಸಿದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಮೊದಲು ನಿಲ್ಲುವುದು ಉಸಿರಾಟ, ಹೃದಯಕ್ಕೆ ನೇರ ಅಪಾಯವಿಲ್ಲ, ಉಸಿರಾಟವನ್ನು ಗಮನಿಸುತ್ತಿದ್ದರೆ ಸಾಕು ಎಂದು ಅವು ತೀರ್ಮಾನಿಸಿದವು. ಇದನ್ನು ಎಲ್ಲರೂ ಒಪ್ಪಲಿಲ್ಲ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಬೇರೊಂದು ದಾರಿ ಹಿಡಿದು, ಅರಿವಳಿಕೆಯಿಂದ ಸಂಭವಿಸಿದ ಸಾವುಗಳ ವಿವರವನ್ನು ವೈದ್ಯರಿಂದ ತರಿಸಿ, 1893ರಲ್ಲಿ ಪ್ರಕಟಿಸಿತು. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಬಲ್ಲದು ಎಂಬುದು 1911ರಲ್ಲಿ ಗುಡ್‌ಮನ್ ಲೆವಿ ಅವರ ಪ್ರಯೋಗಗಳಿಂದ ಸ್ಪಷ್ಟವಾಯಿತು. ಹೈದರಾಬಾದಿನ ಪ್ರಯೋಗಗಳಲ್ಲಿ ಶ್ರಮಕ್ಕೆ ಕೊರತೆಯಿರಲಿಲ್ಲ. ಆದರೆ ಮನುಷ್ಯರ ಸಾವುಗಳನ್ನು ಒಂದೊಂದಾಗಿ ಬರೆದಿಡುವ ಕೆಲಸಕ್ಕೆ ಅವು ಬದಲಿಯಾಗಲಿಲ್ಲ.

ಎರಡನೆಯ ಉದಾಹರಣೆ ಥಾಲಿಡೊಮೈಡ್. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಮಾರಾಟಕ್ಕೆ ಬಂದ ಇದನ್ನು ಗರ್ಭಿಣಿಯರು ವಾಕರಿಕೆಗೂ ತೆಗೆದುಕೊಂಡರು. ಕೈಕಾಲುಗಳ ಬೆಳವಣಿಗೆ ಕುಂಠಿತವಾದ ಶಿಶುಗಳು ಹುಟ್ಟಿದವು. ಜಗತ್ತಿನಾದ್ಯಂತ ಅಂಥ ಮಕ್ಕಳ ಸಂಖ್ಯೆ 10,000ವನ್ನು ಮೀರಿತು. ಜರ್ಮನಿಯಲ್ಲಿ ವಿಡುಕಿಂಡ್ ಲೆಂಝ್, ಆಸ್ಟ್ರೇಲಿಯಾದಲ್ಲಿ ವಿಲಿಯಂ ಮೆಕ್‌ಬ್ರೈಡ್ ಇದನ್ನು ಗುರುತಿಸಿದರು. 1961ರ ಡಿಸೆಂಬರಿನಲ್ಲಿ ಮೆಕ್‌ಬ್ರೈಡ್ ‘ಲ್ಯಾನ್ಸೆಟ್’ಗೆ ಬರೆದದ್ದು ಒಂದು ಪುಟ್ಟ ಪತ್ರ. ಹುಟ್ಟಿನಿಂದಲೇ ಬರುವ ದೋಷಗಳು ಸಾಮಾನ್ಯವಾಗಿ ಶೇ. 1.5ರಷ್ಟು ಶಿಶುಗಳಲ್ಲಿ ಕಾಣುತ್ತವೆ. ಈ ಔಷಧ ಪಡೆದ ತಾಯಂದಿರ ಶಿಶುಗಳಲ್ಲಿ ತೀವ್ರ ದೋಷಗಳು ಶೇ. 20ರ ಹತ್ತಿರ ಇವೆ ಎಂಬುದು ಅದರ ಸಾರ. ಆ ಪತ್ರದ ಬಲವೆಲ್ಲ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟದ್ದರಲ್ಲಿದೆ. ಈ ದುರಂತದ ನಂತರ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದೇ ಥಾಲಿಡೊಮೈಡನ್ನು ಇಂದು ಕುಷ್ಠರೋಗದ ಒಂದು ಬಗೆಯ ಉರಿಯೂತಕ್ಕೂ ರಕ್ತದ ಒಂದು ಬಗೆಯ ಕ್ಯಾನ್ಸರಿಗೂ ಕಟ್ಟುನಿಟ್ಟಾದ ಎಚ್ಚರಿಕೆಯೊಂದಿಗೆ ಬಳಸುತ್ತಾರೆ. ಬಾಧೆಯನ್ನು ಗುರುತಿಸಿದ ಮಾತ್ರಕ್ಕೆ ಔಷಧವನ್ನು ನಿಷೇಧಿಸಬೇಕೆಂದಿಲ್ಲ. ಯಾರಿಗೆ ಕೊಡಬಾರದು, ಕೊಟ್ಟರೆ ಏನನ್ನು ಗಮನಿಸಬೇಕು ಎಂಬ ವಿವೇಕ ಬಂದರೆ ಎಷ್ಟೋ ಔಷಧಗಳು ನಿರ್ಭಯವಾಗಿ ಉಪಯೋಗಕ್ಕೆ ಬರುತ್ತವೆ.

ಇನ್ನು ಎರಡನೆಯ ಭಾಗ, ನಮ್ಮ ದೇಶದ ವ್ಯವಸ್ಥೆ. ಭಾರತದ ಔಷಧ ಜಾಗೃತಿ ಕಾರ್ಯಕ್ರಮ 2010ರ ಜುಲೈನಲ್ಲಿ ಆರಂಭವಾಯಿತು. ಅದರ ರಾಷ್ಟ್ರೀಯ ಕೇಂದ್ರ ಮೊದಲು ದೆಹಲಿಯ ಏಮ್ಸ್‌ನಲ್ಲಿತ್ತು. 2011ರ ಏಪ್ರಿಲ್‌ನಲ್ಲಿ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ ಸ್ಥಳಾಂತರಗೊಂಡಿತು. ಕೆಳಗಿನ ಹಂತದಲ್ಲಿ ವೈದ್ಯಕೀಯ ಕಾಲೇಜುಗಳ ಔಷಧಶಾಸ್ತ್ರ ವಿಭಾಗಗಳು ನಿಗಾ ಕೇಂದ್ರಗಳಾಗಿ ಕೆಲಸ ಮಾಡುತ್ತವೆ. ಕರ್ನಾಟಕದಲ್ಲಿ ಮೈಸೂರಿನ ಜೆಎಸ್‌ಎಸ್ ಸಂಸ್ಥೆ ಈ ಕ್ಷೇತ್ರದಲ್ಲಿ ಮೊದಲಿನಿಂದಲೂ ದುಡಿದಿದೆ. ಅಲ್ಲಿನ ಕೇಂದ್ರ ದಕ್ಷಿಣ ಭಾರತಕ್ಕೆ ತರಬೇತಿಯನ್ನೂ ಕೊಡುತ್ತದೆ.

ಒಂದು ವರದಿಗೆ ಕನಿಷ್ಠ ನಾಲ್ಕು ವಿಷಯಗಳು ಬೇಕು: ಗುರುತಿಸಬಹುದಾದ ಒಬ್ಬ ರೋಗಿ, ಸಂಶಯದ ಔಷಧ, ಆದ ಬಾಧೆ, ವರದಿ ಕೊಡುವವರು. ಪೂರ್ಣ ಹೆಸರು ಬೇಡ, ಮೊದಲಕ್ಷರಗಳು ಸಾಕು. ಔಷಧದಿಂದಲೇ ಹೀಗಾಯಿತು ಎಂದು ಸಾಬೀತು ಮಾಡುವ ಹೊಣೆ ವರದಿ ಕೊಡುವವರ ಮೇಲಿಲ್ಲ, ಸಂಶಯ ಬಂದರೆ ಸಾಕು. ಇದನ್ನು ಯುವ ವೈದ್ಯರು ವಿಶೇಷವಾಗಿ ನೆನಪಿಡಬೇಕು. ಕೇಂದ್ರದವರು ಮುಂದಿನ ಪ್ರಶ್ನೆಗಳನ್ನು ಕೇಳುತ್ತಾರೆ. ಮಾತ್ರೆ ಶುರುವಾದ ಎಷ್ಟು ದಿನಕ್ಕೆ ಬಾಧೆ ಬಂತು? ನಿಲ್ಲಿಸಿದಾಗ ಇಳಿಯಿತೆ? ಮತ್ತೆ ಕೊಟ್ಟಾಗ ಮರಳಿತೆ? ಬೇರೆ ಕಾಯಿಲೆಯಿಂದಲೂ ಹೀಗಾಗಬಹುದೆ? 1981ರಲ್ಲಿ ನರಾಂಜೊ ಮತ್ತು ಸಂಗಡಿಗರು ಇಂಥ ಹತ್ತು ಪ್ರಶ್ನೆಗಳಿಗೆ ಅಂಕಗಳನ್ನು ಗೊತ್ತುಮಾಡಿದರು. ಆ ಪಟ್ಟಿ ಈಗಲೂ ಬಳಕೆಯಲ್ಲಿದೆ.

ದೇಶದ ವರದಿಗಳು ಸ್ವೀಡನ್ನಿನ ಉಪ್ಸಾಲಾದಲ್ಲಿರುವ ಜಾಗತಿಕ ಭಂಡಾರವನ್ನು ಸೇರುತ್ತವೆ. ಅಲ್ಲಿ 3 ಕೋಟಿಗೂ ಹೆಚ್ಚು ವರದಿಗಳಿವೆ. ಅಷ್ಟು ರಾಶಿಯಲ್ಲಿ ಸುಳಿವನ್ನು ಹೇಗೆ ಹುಡುಕುತ್ತಾರೆ? ಕಲ್ಪಿತ ಲೆಕ್ಕವೊಂದನ್ನು ನೋಡಿ. ಒಂದು ಔಷಧದ ಬಗ್ಗೆ 200 ವರದಿಗಳು ಬಂದಿವೆ. ಅವುಗಳಲ್ಲಿ 20 ಚರ್ಮದ ತೀವ್ರ ಬಾಧೆಗೆ ಸೇರಿದವು, ಅಂದರೆ ಶೇ. 10. ಉಳಿದೆಲ್ಲ ಔಷಧಗಳ 1 ಲಕ್ಷ ವರದಿಗಳಲ್ಲಿ ಅಂಥವು 2,000, ಅಂದರೆ ಶೇ. 2. ಐದು ಪಟ್ಟು ವ್ಯತ್ಯಾಸ. ಕಂಪ್ಯೂಟರ್ ಈ ಜೋಡಿಯನ್ನು ಎತ್ತಿ ತೋರಿಸುತ್ತದೆ. ಇದಿನ್ನೂ ಸುಳಿವು ಮಾತ್ರ. ತಜ್ಞರು ಆ 20 ವರದಿಗಳನ್ನೂ ಕೂತು ಓದಿದ ಮೇಲಷ್ಟೇ ಅದಕ್ಕೆ ಬೆಲೆ ಬರುತ್ತದೆ.

ನಿಮಗೆಲ್ಲ ತಿಳಿದಿರುವ ಮಾತ್ರೆಯೊಂದರ ವಿಷಯ ಹೇಳುತ್ತೇನೆ. ಮುಟ್ಟಿನ ಹೊಟ್ಟೆನೋವಿಗೂ ಮೈಕೈ ನೋವಿಗೂ ಮನೆಮನೆಯಲ್ಲಿ ಬಳಸುವ ಮೆಫೆನಾಮಿಕ್ ಆಮ್ಲದ ಬಗ್ಗೆ 2023ರ ನವೆಂಬರ್ 30ರಂದು ಫಾರ್ಮಕೋಪಿಯಾ ಆಯೋಗ ಎಚ್ಚರಿಕೆ ಹೊರಡಿಸಿತು. ನಮ್ಮದೇ ದೇಶದ ವರದಿಗಳ ಪ್ರಾಥಮಿಕ ವಿಶ್ಲೇಷಣೆಯಿಂದ ಹೊರಟ ಎಚ್ಚರಿಕೆ ಅದು. ಡ್ರೆಸ್ ಎಂದು ಕರೆಯುವ ಅಪರೂಪದ, ಆದರೆ ಗಂಭೀರವಾದ ಅಲರ್ಜಿ ಇದರಿಂದ ಬರಬಹುದು: ಮೈಮೇಲೆ ದದ್ದು, ಜ್ವರ, ದುಗ್ಧಗ್ರಂಥಿಗಳ ಊತ, ಒಳಗಿನ ಅಂಗಗಳಿಗೂ ಪೆಟ್ಟು. ಇದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮಾತ್ರೆ ತೆಗೆದುಕೊಂಡ ಎರಡರಿಂದ ಎಂಟು ವಾರಗಳ ನಂತರ. ಅಷ್ಟು ಹೊತ್ತಿಗೆ ಮಾತ್ರೆಯ ಪಟ್ಟಿ ಕಸಕ್ಕೆ ಹೋಗಿರುತ್ತದೆ. ಚೀಟಿಯಿಲ್ಲದೆ ಕೊಂಡದ್ದಾದರೆ ಹೆಸರೂ ಮರೆತಿರುತ್ತದೆ. ಚರ್ಮದ ವೈದ್ಯರ ಬಳಿ ಹೋದಾಗ ಈ ಎರಡಕ್ಕೂ ನಂಟಿದೆ ಎಂದು ರೋಗಿಗೆ ಹೊಳೆಯುವುದಾದರೂ ಹೇಗೆ?

ಈ ವ್ಯವಸ್ಥೆಯ ಮುಖ್ಯ ಕೊರತೆಯನ್ನೂ ಹೇಳಬೇಕು. ಹೇಜಲ್ ಮತ್ತು ಶಕೀರ್ ಅವರು 2006ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಡ್ಡಪರಿಣಾಮಗಳಲ್ಲಿ ಶೇ. 94ರಷ್ಟು ವರದಿಯೇ ಆಗುವುದಿಲ್ಲ ಎಂಬ ಮಧ್ಯಾಂಕ ಸಿಕ್ಕಿತು. ಶಾಲೆಯ ಗಣಿತದ ಮಾತಿನಲ್ಲಿ ಹೇಳುವುದಾದರೆ ಅಂಶ ಅರ್ಧಂಬರ್ಧ ಸಿಗುತ್ತದೆ. ಛೇದ, ಅಂದರೆ ಒಟ್ಟು ಎಷ್ಟು ಜನ ಆ ಔಷಧ ತೆಗೆದುಕೊಂಡರು ಎಂಬುದು, ಸಿಗುವುದೇ ಇಲ್ಲ. ಛೇದವಿಲ್ಲದೆ ಅಪಾಯದ ಪ್ರಮಾಣವನ್ನು ಹೇಳಲು ಬಾರದು. ಆಸ್ಪತ್ರೆ, ಪ್ರಯೋಗಾಲಯ, ಔಷಧ ಅಂಗಡಿಗಳ ದಾಖಲೆಗಳು ನಮಗೆ ಬೇಕಾಗುವುದು ಇಲ್ಲಿಯೇ.

ಹೀಗೆ ನಾವು ಮೂರನೆಯ ಭಾಗಕ್ಕೆ ಬಂದೆವು. ಛೇದವನ್ನು ಮನೆಮನೆಗೆ ಹೋಗಿ ಹುಡುಕಿದ ಸಂಸ್ಥೆಯೊಂದು ನಮ್ಮ ಬಳ್ಳಾರಿ ರಸ್ತೆಯಲ್ಲೇ ಇದೆ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ದೇವನಹಳ್ಳಿ, ನೆಲಮಂಗಲ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳಲ್ಲಿ ನಾಲ್ಕು ಸುತ್ತಿನ ಸಮೀಕ್ಷೆ ನಡೆಸಿತು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ, ಹಳ್ಳಿಯ ಎಲ್ಲರ ಹೆಸರು ಬರೆದುಕೊಂಡು, ಅವರಲ್ಲಿ ಎಷ್ಟು ಜನರಿಗೆ ಕ್ಷಯ ಬಂತು, ಎಷ್ಟು ಜನ ಗುಣವಾದರು, ಎಷ್ಟು ಜನ ತೀರಿಕೊಂಡರು ಎಂದು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಅದು. ಕ್ಷಯದ ಬಗ್ಗೆ ಜಗತ್ತು ಆಧರಿಸಿದ ಎಷ್ಟೋ ಅಂಕಿಗಳಿಗೆ ಈ ಹಳ್ಳಿಗಳೇ ಮೂಲ.

ಅದೇ ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ವಿಷಯಕ್ಕೆ ಇನ್ನೂ ಹತ್ತಿರದ್ದು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವಿಲ್ಲ ಎಂಬ ನಂಬಿಕೆಯನ್ನು ಅದು ಮುರಿಯಿತು. ಕ್ಷಯ ಇದ್ದವರಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳು ಗೊತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಹೋದವರಲ್ಲಿ ಅನೇಕರು ಕೆಮ್ಮಿನ ಔಷಧದ ಬಾಟಲಿ ಹಿಡಿದು ವಾಪಸಾಗಿದ್ದರು. ಜನ ಹೇಳಿದ್ದರು, ವ್ಯವಸ್ಥೆ ಕೇಳಿಸಿಕೊಂಡಿರಲಿಲ್ಲ. ಅಡ್ಡಪರಿಣಾಮಗಳ ವಿಷಯದಲ್ಲಿ ಇಂದಿಗೂ ಆಗುತ್ತಿರುವುದು ಇದೇ. ‘ಈ ಮಾತ್ರೆ ನನಗೆ ಒಗ್ಗಲಿಲ್ಲ’ ಎಂದು ರೋಗಿ ಹೇಳುತ್ತಾರೆ, ವೈದ್ಯರು ಮಾತ್ರೆ ಬದಲಿಸುತ್ತಾರೆ. ರೋಗಿಗೆ ಒಳ್ಳೆಯದಾಗುತ್ತದೆ, ಆದರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ.

ಕ್ಷಯದ ಔಷಧಗಳೇ ಇದಕ್ಕೆ ಒಳ್ಳೆಯ ಪಾಠ. ಐಸೋನಿಯಾಜಿಡ್ ಕೈಕಾಲುಗಳಲ್ಲಿ ಜೋಮು, ಉರಿ ತರಬಹುದು. ಅದನ್ನು ತಡೆಯಲು ಬಿ6 ಜೀವಸತ್ವ ಕೊಡುತ್ತಾರೆ. ಇದರ ಜತೆಗೆ ರಿಫಾಂಪಿಸಿನ್, ಪೈರಾಜಿನಮೈಡ್ ಸೇರಿದಾಗ ಕೆಲವರಿಗೆ ಕಾಮಾಲೆ ಬರುತ್ತದೆ. ಇಥಾಂಬ್ಯುಟಾಲ್ ಕಣ್ಣಿಗೆ ತೊಂದರೆ ಮಾಡಬಹುದು. ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ಮಾತ್ರ ನಿರಪಾಯ. ಅದನ್ನು ಮೊದಲೇ ಹೇಳದಿದ್ದರೆ ರೋಗಿ ಹೆದರಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಒಂದು ಕಾಲಕ್ಕೆ ಅಗ್ಗದ ಮಾತ್ರೆಯೆಂದು ವ್ಯಾಪಕವಾಗಿ ಕೊಡುತ್ತಿದ್ದ ಥಯಾಸೆಟಜೋನ್ ಎಚ್‌ಐವಿ ಇರುವವರಲ್ಲಿ ಚರ್ಮವೇ ಸುಲಿದುಹೋಗುವಂಥ ಮಾರಕ ಬಾಧೆ ತರುತ್ತದೆ ಎಂಬುದು 1991ರಲ್ಲಿ ಕೀನ್ಯಾದ ರೋಗಿಗಳ ದಾಖಲೆಗಳಿಂದ ತಿಳಿಯಿತು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ತಿಂಗಳುಗಟ್ಟಲೆ ಚುಚ್ಚುತ್ತಿದ್ದ ಕ್ಯಾನಮೈಸಿನ್ ಎಷ್ಟೋ ಜನರ ಶ್ರವಣಶಕ್ತಿಯನ್ನು ಶಾಶ್ವತವಾಗಿ ಕಿತ್ತುಕೊಂಡಿತು. ಹಲವು ದೇಶಗಳ ರೋಗಿಗಳ ದಾಖಲೆಗಳನ್ನು ಒಟ್ಟಿಗೆ ಪರಿಶೀಲಿಸಿದ ಬಳಿಕ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಚುಚ್ಚುಮದ್ದನ್ನು ಬದಿಗಿಟ್ಟು ಬಾಯಿಯ ಮಾತ್ರೆಗಳಿಗೆ ಆದ್ಯತೆ ಕೊಟ್ಟಿತು. ಕಿವಿ ಕೇಳಿಸುತ್ತಿಲ್ಲ ಎಂದ ಒಬ್ಬೊಬ್ಬ ರೋಗಿಯ ಮಾತೂ ದಾಖಲೆಯಾಗಿ ಸೇರಿಕೊಂಡದ್ದರಿಂದ ಮುಂದಿನವರ ಕಿವಿ ಉಳಿಯಿತು. 2012ರಿಂದ ನಮ್ಮಲ್ಲಿ ಕ್ಷಯರೋಗಿಗಳ ವಿವರ ‘ನಿಕ್ಷಯ್’ ಎಂಬ ರಾಷ್ಟ್ರೀಯ ವ್ಯವಸ್ಥೆಗೆ ಸೇರುತ್ತಿದೆ. ಯಾರಿಗೆ ಯಾವ ಔಷಧ, ಎಷ್ಟು ದಿನ ಎಂಬುದು ಒಂದೇ ಕಡೆ ಇರುವುದರಿಂದ ಇಲ್ಲಿ ಛೇದ ಸಿದ್ಧವಾಗಿದೆ. ಪ್ರತಿ ಭೇಟಿಯಲ್ಲೂ ಬಾಧೆಯನ್ನು ಕೇಳಿ ದಾಖಲಿಸಿದರೆ ಅಂಶವೂ ಸಿಗುತ್ತದೆ.

ಹೆಬ್ಬಾಳದಿಂದ ಇನ್ನೊಂದು ಪಾಠವಿದೆ. ಮಲೆನಾಡಿನ ಮಂಗನ ಕಾಯಿಲೆಯ ಲಸಿಕೆ ತಯಾರಾಗುತ್ತಿದ್ದದ್ದು ಇಲ್ಲಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ಚುಚ್ಚಿದ ಜಾಗದ ನೋವಿಗೆ ಅಂಜಿ ಜನ ಮುಂದಿನ ಡೋಸಿಗೆ ಬರುತ್ತಿರಲಿಲ್ಲ ಎಂಬುದೂ, ಲಸಿಕೆ ಪಡೆದವರಿಗೂ ಕಾಯಿಲೆ ಬರುತ್ತಿತ್ತು ಎಂಬುದೂ ಕ್ಷೇತ್ರ ದಾಖಲೆಗಳಿಂದ ಹೊರಬಂದ ಸಂಗತಿಗಳು. ಸಾಮರ್ಥ್ಯದ ಪರೀಕ್ಷೆಯಲ್ಲಿ ನಿಲ್ಲದ ಆ ಲಸಿಕೆಯನ್ನು 2022ರಲ್ಲಿ ಕೈಬಿಟ್ಟರು. ಔಷಧ ಕೆಲಸ ಮಾಡದಿರುವುದನ್ನೂ ವರದಿ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಛೇದ ಗೊತ್ತಿರುವಾಗಲೂ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಕೋವಿಡ್ ಲಸಿಕೆಯ ಕಾಲದಲ್ಲಿ ಕೋವಿನ್ ಮೂಲಕ ಪ್ರತಿ ಡೋಸಿನ ಲೆಕ್ಕವೂ ಇತ್ತು. 2021ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಮಿತಿ 498 ಗಂಭೀರ ಪ್ರಕರಣಗಳನ್ನು ಪರಿಶೀಲಿಸಿ, ಕೋವಿಶೀಲ್ಡ್ ನಂತರ ರಕ್ತ ಹೆಪ್ಪುಗಟ್ಟಿರಬಹುದಾದ ಪ್ರಕರಣಗಳು 26, ಅಂದರೆ 10 ಲಕ್ಷ ಡೋಸಿಗೆ 0.61 ಎಂದು ತಿಳಿಸಿತು. ಬ್ರಿಟನ್ನಿನಲ್ಲಿ ಆ ಪ್ರಮಾಣ 4, ಜರ್ಮನಿಯಲ್ಲಿ 10. ಈ ವ್ಯತ್ಯಾಸದಲ್ಲಿ ದೇಹಗುಣದ ಪಾಲೆಷ್ಟು, ವರದಿಯಾಗದೆ ಹೋದ ಪ್ರಕರಣಗಳ ಪಾಲೆಷ್ಟು ಎಂದು ಸಂಖ್ಯೆಯೊಂದೇ ಹೇಳಲಾರದು. ಅಪಾಯ ಬಹಳ ಅಪರೂಪ ಎಂಬುದು ನಿಜ. ಅಪರೂಪದ್ದನ್ನು ಅಳೆಯಲು ಪ್ರತಿ ಜಿಲ್ಲೆಯಿಂದಲೂ ವರದಿ ಬರಬೇಕು ಎಂಬುದೂ ಅಷ್ಟೇ ನಿಜ.

ಸಂಖ್ಯೆಗಳ ಹಿಂದೆ ಜೀವಗಳಿವೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸ್ವಸ್ಥರಾಗಿ, ಐವರು ಪ್ರಾಣ ಕಳೆದುಕೊಂಡರು. ಸಂಶಯ ಬಿದ್ದದ್ದು ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯ ಸರ್ಕಾರ ಅದರ ಬಳಕೆಯನ್ನು ತಡೆಯಿತು. ಬಳಿಕ ರಾಜ್ಯದ ತಾಯಿ ಮರಣಗಳ ಪರಿಶೋಧನೆಯೂ ನಡೆಯಿತು. ಇಂಥ ಸಂದರ್ಭದಲ್ಲಿ ಔಷಧದ ಹೆಸರು ಮಾತ್ರ ಬರೆದರೆ ಸಾಲದು, ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆಯೂ ಬೇಕು. ಅದು ರೋಗಿಯ ದಾಖಲೆಯಲ್ಲಿದ್ದರೆ, ಒಂದು ಊರಿನ ಆಸ್ಪತ್ರೆಯಲ್ಲಿ ಆದದ್ದನ್ನೂ ಮತ್ತೊಂದು ಊರಿನಲ್ಲಿ ಆದದ್ದನ್ನೂ ಗಂಟೆಗಳಲ್ಲಿ ಹೋಲಿಸಬಹುದು. ಇಲ್ಲದಿದ್ದರೆ ವಾರಗಳು ಹಿಡಿಯುತ್ತವೆ. ಆ ವಾರಗಳಲ್ಲಿ ಅದೇ ಬ್ಯಾಚಿನ ಬಾಟಲಿ ಎಷ್ಟು ತಾಯಂದಿರ ಹಾಸಿಗೆಯ ಪಕ್ಕದಲ್ಲಿ ತೂಗುತ್ತದೋ ಯಾರು ಬಲ್ಲರು?

ಕೊನೆಯ ಭಾಗ ಖಾಸಗಿತನದ್ದು. ದಾಖಲೆ ಜೋಡಿಸಿ ಎಂದು ಹೇಳುವವರು ಅದನ್ನು ಕಾಪಾಡುವ ಹೊಣೆಯನ್ನೂ ಹೊರಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನದು. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಎಚ್‌ಐವಿ, ಮಾನಸಿಕ ಕಾಯಿಲೆ, ಗರ್ಭಪಾತದ ವಿವರ ಹೊರಗೆ ಸೋರಿದರೆ ಒಂದು ಸಂಸಾರವೇ ನೋಯುತ್ತದೆ. ಹಾಗೆಂದು ದಾಖಲೆಗಳನ್ನು ಬೀಗ ಹಾಕಿ ಇಟ್ಟರೆ ಮುಂದಿನ ರೋಗಿ ನೋಯುತ್ತಾರೆ. ನಡುವೆ ದಾರಿಯಿದೆ. ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ತೆಗೆದುಹಾಕುವುದು. ದಾಖಲೆ ಆಸ್ಪತ್ರೆಯಲ್ಲೇ ಉಳಿದು, ಲೆಕ್ಕದ ಮೊತ್ತ ಮಾತ್ರ ಹೊರಗೆ ಹೋಗುವಂತೆ ಮಾಡುವುದು. ಯಾರು, ಯಾವಾಗ, ಏಕೆ ನೋಡಿದರು ಎಂಬುದನ್ನು ಬರೆದಿಡುವುದು. ಅಡ್ಡಪರಿಣಾಮ ಹುಡುಕಲೆಂದು ಪಡೆದದ್ದನ್ನು ವಿಮೆಯ ಕಂತು ಏರಿಸಲು ಅಥವಾ ಔಷಧದ ಮಾರಾಟಕ್ಕೆ ಬಳಸದಂತೆ ತಡೆಯುವುದು. ಈ ನಾಲ್ಕರಲ್ಲಿ ಒಂದನ್ನು ಬಿಟ್ಟರೂ ಜನರ ನಂಬಿಕೆ ಹೋಗುತ್ತದೆ. ನಂಬಿಕೆ ಹೋದರೆ ರೋಗಿ ಬಾಯಿ ಬಿಡುವುದಿಲ್ಲ, ಅಲ್ಲಿಗೆ ದಾಖಲೆಯೂ ನಿಂತುಹೋಗುತ್ತದೆ.

ಈಗ ಉಪಸಂಹಾರ. ನಮ್ಮ ಸುತ್ತ ಎಷ್ಟು ಶಕ್ತಿಯಿದೆ ನೋಡಿ. ಯಶವಂತಪುರದ ಸಮೀಪ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಇದೇ ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ಜಾನುವಾರು ರೋಗಗಳ ಅಂಕಿಅಂಶಗಳನ್ನು ಕೂಡಿಸಿ ಮುನ್ಸೂಚನೆ ಕೊಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ದೊಡ್ಡ ಆಸ್ಪತ್ರೆಗಳಿವೆ, ಬಡಾವಣೆಗಳಲ್ಲಿ ನಮ್ಮ ಕ್ಲಿನಿಕ್‌ಗಳಿವೆ. ಲೆಕ್ಕ ಮಾಡಬಲ್ಲವರೂ ರೋಗಿಯನ್ನು ನೋಡುವವರೂ ಒಂದೇ ರಸ್ತೆಯಲ್ಲಿ ಓಡಾಡುತ್ತಿದ್ದಾರೆ. ಇವರನ್ನು ಒಂದೆಡೆ ಕೂರಿಸುವ ಕೆಲಸವನ್ನು ಈ ದತ್ತಿಯಂಥ ವೇದಿಕೆಗಳು ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.

ನಾಳೆಯಿಂದಲೇ ಮಾಡಬಹುದಾದ ಕೆಲಸಗಳೂ ಇವೆ. ವೈದ್ಯರು ಮಾತ್ರೆ ಬದಲಿಸುವಾಗ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ. ನರ್ಸ್‌ಗಳು ಡ್ರಿಪ್ ಮತ್ತು ಚುಚ್ಚುಮದ್ದಿನ ಬ್ಯಾಚ್ ಸಂಖ್ಯೆಯನ್ನು ದಾಖಲಿಸಲಿ. ಔಷಧ ಅಂಗಡಿಯವರು ಬಿಲ್ಲನ್ನು ತಪ್ಪದೆ ಕೊಡಲಿ. ಮನೆಯವರು ಆ ಬಿಲ್ಲನ್ನೂ ಮಾತ್ರೆಯ ಪಟ್ಟಿಯನ್ನೂ ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಲಿ. ರೋಗಿಗಳು ತಾವೇ ವರದಿ ಮಾಡಲು ಕನ್ನಡದಲ್ಲೂ ನಮೂನೆಯಿದೆ. 1800-180-3024 ಎಂಬ ಉಚಿತ ಸಹಾಯವಾಣಿಗೆ ಕರೆಯನ್ನೂ ಮಾಡಬಹುದು. ಬಾಧೆ ಕಂಡಾಗ ಮೊದಲು ವೈದ್ಯರನ್ನು ಕಾಣಿ, ಕ್ಷಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರನ್ನು ಕಂಡ ಮೇಲೆ, ‘ಇದನ್ನು ವರದಿ ಮಾಡಿದಿರಾ?’ ಎಂದು ಸಂಕೋಚವಿಲ್ಲದೆ ಕೇಳಿ. ಆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಬರುವ ಉತ್ತರದಿಂದ ನೀವು ಎಂದೂ ಕಾಣದ ಇನ್ನೊಬ್ಬ ರೋಗಿಗೆ ಒಳಿತಾಗುತ್ತದೆ.